ತುತ್ತು ಬಾಯಿಗೆ ಹೋಗಲಿಲ್ಲ

ಸಂತಾಪ ಸಭೆಯಲ್ಲಿ ಅವರನ್ನು ಅನ್ನಪೂರ್ಣೆ ಎಂದರು. ಒಬ್ಬರಲ್ಲ, ಮಾತಾಡಿದವರೆಲ್ಲ ಅಂದರು. ಪುಣೆಯ ಕನ್ನಡಿಗರ ಹತ್ತಿರ ಸತ್ತವರಿಗೆಂದೇ ಎತ್ತಿಟ್ಟ ಕೆಲವು ಪದಗಳಿವೆ. ವಕೀಲ ಸತ್ತರೆ ಧೀಮಂತ, ಹೋಟೆಲಿನ ಮಾಲೀಕ ಸತ್ತರೆ ದಾನಶೂರ, ಖಾನಾವಳಿ ನಡೆಸಿದ ಹೆಂಗಸು ಸತ್ತರೆ ಅನ್ನಪೂರ್ಣೆ. ಹಾರ ಹಾಕಿದ ಫೋಟೋದಲ್ಲಿ ಅವರು ಎಂದಿನಂತೆ ಮೂಗು ಮುರಿದುಕೊಂಡೇ ಕೂತಿದ್ದರು. ಬದುಕಿದ್ದರೆ ಅವರು ಎರಡನೆಯ ಭಾಷಣಕ್ಕೇ ನನ್ನ ರಟ್ಟೆ ಹಿಡಿದು, "ಏಳ ತಂಗಿ, ಸಾಕಾತು," ಎಂದು ಹೊರಟುಬಿಡುತ್ತಿದ್ದರು. ನಾನೊಬ್ಬಳೇ ಏಳುವಷ್ಟು ಗಟ್ಟಿಗಿತ್ತಿಯಲ್ಲ. ಕೊನೆಯವರೆಗೆ ಕೂತು, ಕೊಟ್ಟ ಕಾಫಿಯನ್ನೂ ಕುಡಿದು ಬಂದೆ.

ಹೆಸರು ಬರೆಯುವುದಿಲ್ಲ. ಬರೆದರೆ ತಳೇಗಾಂವದಿಂದ ಅವರ ಅಣ್ಣನ ಮಕ್ಕಳು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾರೆ. ಸದಾಶಿವ ಪೇಠದ ಒಂದು ಹಳೆಯ ವಾಡೆಯ ಮೇಲಂತಸ್ತಿನಲ್ಲಿ ಅವರ ಖಾನಾವಳಿ ಇತ್ತು. ಅದೇ ವಾಡೆಯ ಹಿಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ, ಎರಡು ಹೊತ್ತಿನ ಊಟ ಅವರಲ್ಲಿ. ವಾಡೆಯ ಮರಾಠಿಗರಿಗೆ ಅವರು ಮಾವಶಿ, ನಮಗೆ ಅಕ್ಕ. ವಿಜಾಪುರದ ಕಡೆಯವರು. ಚಿಕ್ಕಂದಿನಲ್ಲೇ ಗಂಡ ಸತ್ತು, ಅಣ್ಣನ ಬೆನ್ನು ಹತ್ತಿ ಪುಣೆಗೆ ಬಂದವರು. ಎತ್ತರದ ಆಳು, ಒರಟು ಮಾತು, ಚುರುಕು ಕೈ. ಹಿಟ್ಟಿನ ಬುಟ್ಟಿಯ ಮುಂದೆ ಕೂತರೆಂದರೆ ರೊಟ್ಟಿ ಬಡಿಯುವ ಸಪ್ಪಳ ಕೆಳಗಿನ ಓಣಿಯವರೆಗೆ ಕೇಳಿಸುತ್ತಿತ್ತು.

ಖಾನಾವಳಿಯಲ್ಲಿ ಅವರದೊಂದು ಕಟ್ಟಳೆ ಇತ್ತು. ತಾಟಿನ ಮುಂದೆ ಕೂತವರನ್ನು ಊಟ ಮುಗಿಯುವ ತನಕ ಯಾರೂ ಎಬ್ಬಿಸುವಂತಿಲ್ಲ. ಒಮ್ಮೆ ಯಾರದೋ ಸ್ಕೂಟರ್ ಹುಡುಕಿಕೊಂಡು ಪೋಲೀಸಿನವನೇ ಬಂದಿದ್ದ. ಆ ಸ್ಕೂಟರಿನ ಧಣಿ ಊಟದಲ್ಲಿ ಆಗಷ್ಟೇ ಮಜ್ಜಿಗೆ ಅನ್ನದವರೆಗೆ ಬಂದಿದ್ದ. ಅಕ್ಕ ಪೋಲೀಸನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, "ಅಂವ ಉಂಡು ಕೈ ತೊಳಕೊಳ್ಳಲಿ, ಆಮ್ಯಾಲ ಬೇಕಾದ್ರ ಗಲ್ಲಿಗೇರಿಸ್ರಿ," ಎಂದು ಕನ್ನಡದಲ್ಲೇ ಹೇಳಿದರು. ಅವನಿಗೆ ಎಷ್ಟು ತಿಳಿಯಿತೋ, ಸುಮ್ಮನೆ ನಿಂತ.

ಅವರಿಗೆ ಸಿನಿಮಾದ ಹುಚ್ಚು. ವಿಧವೆ ಒಬ್ಬಳೇ ಮ್ಯಾಟಿನಿಗೆ ಹೋದರೆ ವಾಡೆಯ ಹೆಂಗಸರ ನಾಲಿಗೆಗೆ ಮೇವು ಸಿಗುತ್ತದೆಂದು ನನ್ನನ್ನು ಕರೆದೊಯ್ಯುತ್ತಿದ್ದರು. ನಾನೂ ಸಿನಿಮಾ ನೋಡಬಲ್ಲೆ ಎಂದುಕೊಂಡಿದ್ದೆ. ನೋಡುವುದೆಂದರೆ ಏನು ಎಂದು ಅವರಿಂದ ಕಲಿತೆ, ಕಲಿತು ಕೆಟ್ಟೆ. ಹಾಡು ಬಂದರೆ ಅವರು ನಿದ್ದೆ ಮಾಡುತ್ತಿದ್ದರು. ಹೊಡೆದಾಟಕ್ಕೆ ಅಡಿಕೆ ಎಲೆ ತೆಗೆಯುತ್ತಿದ್ದರು. ತೆರೆಯ ಮೇಲೆ ತಾಟು ಬಂತೋ, ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು ಮುಂದಕ್ಕೆ ಬಾಗುತ್ತಿದ್ದರು. ಆ ತಾಟಿನ ಮುಂದೆ ಕೂತವನು ನಿಜವಾಗಿ ಉಣ್ಣುತ್ತಾನೋ ಇಲ್ಲವೋ, ಅವರಿಗೆ ಬೇಕಾದದ್ದು ಅಷ್ಟೇ.

ಒಂದು ಹಿಂದಿ ಚಿತ್ರದಲ್ಲಿ ಬಹಳ ವರ್ಷಗಳ ಮೇಲೆ ಮನೆಗೆ ಬಂದ ಮಗನಿಗೆ ತಾಯಿ ಗಜ್ಜರಿ ಹಲ್ವಾ ತಿನ್ನಿಸುತ್ತಾಳೆ. ಥಿಯೇಟರಿನ ತುಂಬ ಮೂಗು ಸೀಟುವ ಸಪ್ಪಳ. ಹೀರೋ ತುಟಿಗೆ ತಾಗಿಸಿಕೊಂಡ ಹಲ್ವಾ ತುಟಿಯಲ್ಲೇ ಉಳಿಯಿತು, ಅವನ ಗಂಟಲು ಅಲುಗಲಿಲ್ಲ. "ತುತ್ತು ಬಾಯಿಗೆ ಹೋಗ್ಲಿಲ್ಲ. ಸುಳ್ಳ ಮಗಾ, ಸುಳ್ಳ ತಾಯಿ. ನಡಿ." ಇಂಟರ್ವಲ್ಲಿಗೂ ಮೊದಲೇ ಬಿಸಿಲಲ್ಲಿ ಹೊರಗೆ ಬಂದು ನಿಂತೆವು. ಒಂದು ಮರಾಠಿ ಹಾಸ್ಯಚಿತ್ರದಲ್ಲಿ ಮದುವೆಮನೆಯ ಜನ ಒಬ್ಬರ ಮುಖಕ್ಕೊಬ್ಬರು ಅನ್ನ ಸಾರು ಎರಚಿಕೊಂಡರು. ಹಿಂದಿನ ಸಾಲಿನವರು ಕುರ್ಚಿ ಬಡಿದು ನಕ್ಕರು. ಅಕ್ಕ ಎದ್ದು ನಿಂತು, ತೆರೆಗೇ ಬೈದರು. "ಅನ್ನ ಒಗದಾಡ್ತೀರೇನ್ರೋ? ನಿಮ್ಮ ಕೈ ಸೇದಿಹೋಗ್ಲಿ!" ಕೂರಿ ಕೂರಿ ಎಂದು ಜನ ಕೂಗಿದರು. ನನಗೆ ಆ ಜನರ ನಗೆಯೇ ಸಿನಿಮಾಕ್ಕಿಂತ ಹೊಲಸೆನ್ನಿಸಿತು.

ಕನ್ನಡ ಸಿನಿಮಾಕ್ಕೂ ಅವರಲ್ಲಿ ರಿಯಾಯಿತಿ ಇರಲಿಲ್ಲ. ನಮ್ಮ ಸಂಘದವರು ಭಾನುವಾರ ಬೆಳಿಗ್ಗೆ ಥಿಯೇಟರು ಹಿಡಿದು ಒಂದು ಚಿತ್ರ ತೋರಿಸಿದರು. ಕಥೆ ನಮ್ಮ ಕಡೆಯ ಹಳ್ಳಿಯದು, ಮಾಡಿದವರು ಬೆಂಗಳೂರಿನವರು. ಬಡ ಕೂಲಿಯವನು ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಮುರಿಯುತ್ತಾನೆ. "ಮುರೀಲೇ ಇಲ್ಲ, ನೋಡಿದ್ಯೇನು? ಜೋಳದ್ದಲ್ಲ ತಂಗಿ, ಮೈದಾದ್ದು. ಹರೀಲಿಕ್ಕೆ ಹತ್ಯಾನ," ಎಂದು ಅಕ್ಕ ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು. ಆ ಮೇಲೆ ಆ ಕೂಲಿಯವನು ಸತ್ತಾಗ ನನಗೆ ಅಳು ಬರಲಿಲ್ಲ. ಮೈದಾ ತಿಂದೇ ಸತ್ತನೆಂದು ನಗು ಬಂತು.

ಅವರಿಗೆ ಮೆಚ್ಚಿಗೆಯಾದದ್ದು ಯಾರಿಗೂ ಬೇಡವಾದ ಚಿತ್ರಗಳು. ಮುಖ್ಯ ಚಿತ್ರಕ್ಕೆ ಮೊದಲು ಸರಕಾರದ ಸಣ್ಣ ಸಾಕ್ಷ್ಯಚಿತ್ರವೊಂದನ್ನು ತೋರಿಸುತ್ತಿದ್ದರಲ್ಲ, ಜನ ಹೊರಗೆ ಶೇಂಗಾ ತಿನ್ನುತ್ತ ನಿಲ್ಲುತ್ತಿದ್ದರಲ್ಲ, ಅದಕ್ಕೆಂದು ಅಕ್ಕ ಓಡೋಡಿ ಬರುತ್ತಿದ್ದರು. ನೆರೆ ಬಂದ ಊರಿನ ಗಂಜಿಯ ಸಾಲು, ಶಾಲೆಯ ಮಧ್ಯಾಹ್ನದ ಉಪ್ಪಿಟ್ಟು, ಗಿರಣಿಯ ಕ್ಯಾಂಟೀನು. ವಿವರಣೆ ಹೇಳುವವನ ದನಿ ಸತ್ತವರ ಮನೆಗೆ ಬಂದವನ ದನಿಯಂತಿರುತ್ತಿತ್ತು, ನನಗಂತೂ ಆಕಳಿಕೆ. ಒಮ್ಮೆ ಬಿಳಿ ಟೋಪಿಯ ಮಂತ್ರಿಯೊಬ್ಬ ಉದ್ಘಾಟನೆಯ ಪಾಯಸದ ಚಮಚವನ್ನು ನಾಲಿಗೆಗೆ ತೋರಿಸಿ ತೆಗೆದ. "ಥೂ, ಹೇಸಿ," ಎಂದರು ಅಕ್ಕ. ಅದರ ಹಿಂದೆಯೇ ಗಂಜಿಯ ಸಾಲಿನಲ್ಲಿ ಕೂತ ಮುದುಕಿಯೊಬ್ಬಳು ಕ್ಯಾಮೆರಾದ ಕಡೆ ತಿರುಗಿ ಕೂಡ ನೋಡದೆ ಉಣ್ಣತೊಡಗಿದಳು. ಅಕ್ಕ ನನ್ನ ಕೈ ಹಿಡಿದುಕೊಂಡರು. "ಈಕಿ ಖರೇ ಉಂಡ್ಳು ನೋಡು. ಗಂಟಲಾ ನೋಡು." ಆ ದಿನದ ಮುಖ್ಯ ಚಿತ್ರ ಯಾವುದೆಂದು ನನಗೀಗ ನೆನಪಿಲ್ಲ.

ಅವರ ಈ ರೋಗ ನನಗೆ ಅಂಟಿಕೊಂಡು ಇವತ್ತಿಗೂ ಬಿಟ್ಟಿಲ್ಲ. ಮದುವೆಯಾಗಿ ಈಗ ನಾವು ಪುಣೆಯ ಅಂಚಿನ ಧನಕವಡಿಯಲ್ಲಿದ್ದೇವೆ. ಮೊನ್ನೆ ನಮ್ಮ ಪಕ್ಕದ ಮನೆಯವರು ವಿಡಿಯೋ ಬಾಡಿಗೆಗೆ ತಂದು ಓಣಿಯವರನ್ನೆಲ್ಲ ಕರೆದಿದ್ದರು. ಚಿತ್ರದಲ್ಲಿ ಹುಡುಗಿಯನ್ನು ಮಳೆಯಲ್ಲಿ ನೆನೆಸಿ ಕುಣಿಸಿದರು, ಆಮೇಲೆ ಅವಳ ಮಾನ ಹೋಯಿತೆಂದು ಅತ್ತರು. ಕುಣಿಸಿದವರೂ ಅತ್ತವರೂ ಒಬ್ಬರೇ. ಶ್ರೀಮಂತರ ಮನೆಯ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೇಬುಹಣ್ಣು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ನಾನು ತಲೆನೋವೆಂದು ಎದ್ದು ಬಂದೆ.

ಇಷ್ಟು ಹೇಳಿದ್ದು ಸಾಲದು. ಅಕ್ಕನನ್ನು ಅನ್ನಪೂರ್ಣೆ ಎಂದವರಿಗೆ ಗೊತ್ತಿಲ್ಲದ್ದೊಂದು ಇದೆ, ಅಥವಾ ಗೊತ್ತಿದ್ದೂ ಬಾಯಿ ಬಿಡದ್ದು.

ಪಕ್ಕದ ವಾಡೆಯನ್ನು ಕೆಡವಿ ಫ್ಲ್ಯಾಟು ಕಟ್ಟುವ ಕೆಲಸ ನಡೆದಿತ್ತು. ಕೂಲಿಗಳೆಲ್ಲ ಯಾದಗಿರಿ ಕಡೆಯಿಂದ ಬಂದವರು. ಅವರ ಮೇಲ್ವಿಚಾರಕನಾದ ಮುಕಾದಮ ಅಕ್ಕನ ಹತ್ತಿರ ಮಾತಾಡಿ ಮಧ್ಯಾಹ್ನದ ರೊಟ್ಟಿಗೆ ಗೊತ್ತು ಮಾಡಿದ. ಅವರ ಊಟ ನಮ್ಮ ವಾಡೆಯ ಹಿಂದಿನ ಅಂಗಳದಲ್ಲಿ, ನಳದ ಪಕ್ಕ. ಮೇಲೆ ನಮಗೆ ಸ್ಟೀಲಿನ ತಾಟು, ಕೆಳಗೆ ಅವರಿಗೆ ಎಲೆಯ ಪತ್ರಾವಳಿ. ಅವರು ಯಾವ ಕೇರಿಯವರೆಂದು ಅಕ್ಕ ಕೇಳಲಿಲ್ಲ, ಕೇಳದೆಯೇ ಗೊತ್ತಿತ್ತು. ಬಡಿಸುವ ಹೆಂಗಸಿದ್ದರೂ ಕೆಳಗೆ ಅಕ್ಕ ತಾವೇ ಹೋಗುತ್ತಿದ್ದರು. ಖಡಕ್ ರೊಟ್ಟಿಯನ್ನು ಎಲೆಗೆ ಕೈ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು. ಸಾರನ್ನು ಮೇಲಿನಿಂದ ಸುರಿಯುತ್ತಿದ್ದರು. ಉಂಡವರು ತಾವು ಕೂತ ಜಾಗವನ್ನು ತಾವೇ ತೊಳೆದು ಹೋಗುತ್ತಿದ್ದರು. "ಒಂದ ಒಲಿ, ಒಂದ ಸಾರು, ನನ್ನ ಹತ್ರ ಭೇದ ಇಲ್ಲ," ಎಂದು ಅಕ್ಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾವೆಲ್ಲ ತಲೆದೂಗುತ್ತಿದ್ದೆವು. ಅದನ್ನು ದಿನಾ ನೋಡುತ್ತಿದ್ದೆವು, ಅದು ನೋಡುವಂಥದ್ದೆಂದು ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಜೊತೆ ಉಣ್ಣುವ ಒಬ್ಬ ತರುಣನಿದ್ದ, ಗುಲಬರ್ಗಾದವನು. ಯಾರೋ ಸಾಕ್ಷ್ಯಚಿತ್ರ ಮಾಡುವವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಗಡ್ಡ, ಜುಬ್ಬಾ, ಹೆಗಲಿಗೆ ಚೀಲ; ಆಗ ಅಂಥವರು ಪುಣೆಯಲ್ಲಿ ಗಲ್ಲಿಗೊಬ್ಬರು. ಅವನು ಒಂದು ದಿನ, ತಾನೇ ಸ್ವಂತ ಒಂದು ಸಣ್ಣ ಚಿತ್ರ ಮಾಡುತ್ತೇನೆ, ನಿಮ್ಮ ಖಾನಾವಳಿಯ ಮೇಲೆ, ಎಂದ. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಮಾಡಪಾ ತಮ್ಮಾ. ಆದ್ರ ಕೂತವರು ಖರೇ ಉಣಬೇಕು. ಸುಳ್ಳ ಬಾಯಿ ಆಡ್ಸೂದು ನಡ್ಯೂದಿಲ್ಲ."

"ಖರೇನೇ ಅಕ್ಕಾ. ಇದ್ದದ್ದನ್ನ ಇದ್ದಂಗ ತಗೀತೀನಿ," ಎಂದ.

ಮೇಲಿನ ಊಟವನ್ನು, ಒಲೆಯನ್ನು, ಅಕ್ಕನ ರೊಟ್ಟಿ ಬಡಿಯುವ ಕೈಯನ್ನು ತೆಗೆದ. ಆಮೇಲೆ ನನಗೆ ರಜೆಯಿದ್ದ ಒಂದು ದಿನ ಕ್ಯಾಮೆರಾವನ್ನು ಅಂಗಳಕ್ಕೆ ಇಳಿಸಿದ. "ಇಲ್ಲೇನ ತಗೀತಿಯೋ, ಬರೇ ರಾಡಿ," ಎಂದರು ಅಕ್ಕ. ಕೂಲಿಗಳಲ್ಲಿ ಮರೆಮ್ಮ ಎಂಬವಳಿದ್ದಳು, ಬಾಯಿಯ ತುಂಬ ನಗುವ ಹೆಂಗಸು. ಅವಳು ಸೆರಗು ಸರಿಮಾಡಿಕೊಂಡು ಎಲೆಯ ಮುಂದೆ ಕೂತು, "ನಾ ಸಿನಿಮಾದಾಗ ಬರ್ತೀನೇನ್ರಿ ಖರೇನ?" ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಅಕ್ಕ ಎಂದಿನಂತೆ ರೊಟ್ಟಿ ಬಿಟ್ಟರು. ಕ್ಯಾಮೆರಾದ ಹಿಂದಿನಿಂದ ಅವನು, "ಇನ್ನೊಮ್ಮೆ ಅಕ್ಕಾ. ಕೈ ಸ್ವಲ್ಪ ಮ್ಯಾಲ ಹಿಡೀರಿ. ಇನ್ನಾ ಸ್ವಲ್ಪ," ಎಂದ. ಬೆಳಕಿನ ಸಲುವಾಗಿ ಇರಬೇಕೆಂದು ಅಕ್ಕ ಹಾಗೇ ಮಾಡಿದರು. ರೊಟ್ಟಿ ಎಲೆಯ ಮೇಲೆ ಬಿದ್ದು ಚೂರಾಯಿತು. ಕೂತವರೆಲ್ಲ ನಕ್ಕರು, ಅಕ್ಕನೂ ನಕ್ಕರು.

ಒಂದು ಫಿಲ್ಮ್ ಸೊಸೈಟಿಯವರು ಆ ಚಿತ್ರವನ್ನು ತೋರಿಸಿದರು. ಅಕ್ಕ ಇಳಕಲ್ ಸೀರೆ ಉಟ್ಟುಕೊಂಡು, ನನ್ನನ್ನೂ ಕರೆದುಕೊಂಡು, ಮುಂದಿನ ಸಾಲಿನಲ್ಲಿ ಹೋಗಿ ಕೂತರು. ವಿವರಣೆ ಇರಲಿಲ್ಲ, ಹಾಡು ಇರಲಿಲ್ಲ. ಒಲೆ, ಹಿಟ್ಟು, ರೊಟ್ಟಿ ಬಡಿಯುವ ಕೈ. ಮೇಲಿನ ಪಂಕ್ತಿ, ತುಪ್ಪ ಬಡಿಸುವ ಅದೇ ಕೈ, ತಾಟಿಗೆ ತಾಗುವಷ್ಟು ಹತ್ತಿರ. ಅಕ್ಕ ನನ್ನ ಪಕ್ಕೆಗೆ ತಿವಿದರು. "ಉಣ್ಣಾಕ್ಹತ್ಯಾರ ನೋಡು, ಖರೇ." ಆಮೇಲೆ ಅಂಗಳ. ಮರೆಮ್ಮನ ಮುಖ ಇರಲಿಲ್ಲ. ಅವಳ ನಗುವನ್ನು ಕತ್ತರಿಸಿ ಬಿಸಾಕಿದ್ದ. ಒಂದು ಎಲೆ, ಅದರ ಬಹಳ ಮೇಲೆ ಅಕ್ಕನ ಕೈ. ಬೆರಳು ಬಿಚ್ಚಿತು. ರೊಟ್ಟಿ ಬಿದ್ದು ಒಡೆಯಿತು. ಇನ್ನೊಂದು ಎಲೆ, ಮತ್ತೆ ಆ ಕೈ. ಇನ್ನೊಂದು. ಹಿಂದೆ ಯಾರೋ ಉಸಿರೆಳೆದುಕೊಂಡರು.

ಅಕ್ಕ ಏಳುವುದಕ್ಕೆ ಕುರ್ಚಿಯ ತೋಳು ಹಿಡಿದರು. ನನಗೆ ಆ ಚಾಳಿ ಗೊತ್ತಿತ್ತು, ನಾನೂ ಚೀಲ ಎತ್ತಿಕೊಂಡೆ. ಆದರೆ ಅವರು ಏಳಲಿಲ್ಲ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೊನೆಯವರೆಗೆ ಕೂತರು. ಅವರು ಪೂರ್ತಿ ನೋಡಿದ ಚಿತ್ರಗಳು ಕೆಲವೇ, ಅವುಗಳಲ್ಲಿ ಇದೊಂದು.

ದೀಪ ಹತ್ತಿದ ಮೇಲೆ ಚಪ್ಪಾಳೆ. ಆ ಚಪ್ಪಾಳೆಯಷ್ಟು ಹೇಸಿಗೆ ಹುಟ್ಟಿಸಿದ್ದು ನನ್ನ ಆಯುಷ್ಯದಲ್ಲಿ ಹೆಚ್ಚಿಲ್ಲ. ಅಕ್ಕನ ಆಚೆ ಪಕ್ಕ ಕೂತಿದ್ದ ದಪ್ಪ ಕನ್ನಡಕದ ಒಬ್ಬ, "ತೋ ಹಾತ್! ಕಾಯ್ ಫ್ರೇಮ್ ಆಹೇ!" ಎಂದು ಆ ಕೈಯ ಚೌಕಟ್ಟನ್ನು ಹೊಗಳಿದ. ಆ ಕೈ ಅವನ ಮೊಣಕಾಲಿನ ಹತ್ತಿರವೇ ಸೆರಗಿನಲ್ಲಿ ಅಡಗಿ ಕೂತಿತ್ತು, ಅವನಿಗೆ ಗೊತ್ತಾಗಲಿಲ್ಲ. ಚಹಾ ಬಂತು, ಬಿಸ್ಕಿಟ್ ಬಂತು, ಲೆನ್ಸಿನ ಮಾತು ಬಂತು. ಅಸ್ಪೃಶ್ಯತೆಯ ಬಗ್ಗೆ ಒಬ್ಬಳು ಇಂಗ್ಲಿಷಿನಲ್ಲಿ ಬಹಳ ಚೆಂದ ಮಾತಾಡಿದಳು, ಬಿಸ್ಕಿಟ್ ಅದ್ದುತ್ತ. ನಾನು ಆ ತರುಣನನ್ನು ಒಂದು ಮೂಲೆಗೆ ಕರೆದು, ಮರೆಮ್ಮನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

"ಅವರಿಗೇನ್ ತಿಳೀತದ್ರಿ ಇದು?" ಎಂದ.

ಅವನ ಗಡ್ಡಕ್ಕೆ ಬೆಂಕಿ ಹಚ್ಚಬೇಕೆನ್ನಿಸಿತು. ತಡೆದುಕೊಂಡೆ. ಅಕ್ಕ ಆಗಲೇ ಬಾಗಿಲಲ್ಲಿದ್ದರು.

ರಿಕ್ಷಾದಲ್ಲಿ ನಾನೇ ಮಾತು ತೆಗೆದೆ. "ಅಂವನ ಹೇಳಿದ್ದಲ್ಲೇನ್ರಿ ಅಕ್ಕಾ, ಕೈ ಮ್ಯಾಲ ಹಿಡೀರಿ ಅಂತ? ಅಲ್ಲೇ ಎಲ್ಲಾರ ಮುಂದ ಹೇಳಬೇಕಾಗಿತ್ತು ನೀವು."

"ಇನ್ನಾ ಸ್ವಲ್ಪ ಮ್ಯಾಲ ಅಂತ ಅಂವ ಹೇಳಿದ್ದು ಖರೇ," ಎಂದರು ಅಕ್ಕ. "ಮೊದಲ ನನ್ನ ಕೈ ಎಷ್ಟ ಮ್ಯಾಲ ಇತ್ತಲ್ಲ, ಅದನ್ನ ಅಂವ ಹೇಳಿಕೊಟ್ಟಿರಲಿಲ್ಲ."

ಇಲ್ಲಿಗೆ ಮುಗಿದಿದ್ದರೆ ನಾನೂ ಅವರ ಫೋಟೋಕ್ಕೆ ಹಾರ ಹಾಕಿ ಬರುತ್ತಿದ್ದೆ. ಮರುದಿನ ಅಕ್ಕ ಅಂಗಳದ ಊಟವನ್ನು ನಿಲ್ಲಿಸಿಬಿಟ್ಟರು. ಇನ್ನು ಆಗುವುದಿಲ್ಲವೆಂದು ಮುಕಾದಮನಿಗೆ ಹೇಳಿ ಕಳಿಸಿದರು, ಕಾರಣ ಹೇಳಲಿಲ್ಲ. ಮಧ್ಯಾಹ್ನ ಆ ಜನ ಉಸುಕಿನ ಗುಡ್ಡೆಯ ಮೇಲೆ ಕೂತು ಒಣ ಪಾವು ಬ್ರೆಡ್ಡು, ಹಸಿಮೆಣಸಿನಕಾಯಿ ತಿನ್ನುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ದಿನವಿಡೀ ಬುಟ್ಟಿ ಹೊರುವವರಿಗೆ ಪಾವು ಎಲ್ಲಿ ಸಾಲುತ್ತದೆ? ಅಕ್ಕ ಆ ಕಿಟಕಿಯ ಬಾಗಿಲು ಮುಚ್ಚಿದರು. ನನಗೆ ರೇಗಿತು.

"ಇದೇನ್ರಿ ಅಕ್ಕಾ? ಮ್ಯಾಲ ಕರೀರಿ ಅವರನ್ನ. ನಮ್ಮ ಪಂಕ್ತ್ಯಾಗ ಕೂಡ್ಸ್ರಿ."

"ಅವರು ಏರಿ ಬಂದ್ರ ಇಲ್ಲಿ ಕೂತವರು ಇಳದು ಹೋಗ್ತಾರ. ನನ್ನ ಒಲಿ ಆರ್ತದ."

"ಹಂಗಾರ ಕೆಳಗ ನೀಡ್ರಿ, ಮೊದಲಿನಂಗ."

"ಆಗೂದಿಲ್ಲ ತಂಗಿ. ಕೆಳಗ ಹೋದ್ರ ನನ್ನ ಕೈ ನನಗ ಕಾಣ್ತದ. ಹೇಸಿಕಿ ಬರ್ತದ."

"ನಿಮ್ಮ ಹೇಸಿಕಿಗೆ ಅವರ್ಯಾಕ್ರಿ ಉಪಾಸ ಇರಬೇಕು?" ಎಂದೆ. ಅಷ್ಟು ಜೋರಾಗಿ ಅವರ ಮುಂದೆ ನಾನು ಎಂದೂ ಮಾತಾಡಿರಲಿಲ್ಲ. ನಾನು ಆ ಹೊತ್ತು ಅವರ ರೊಟ್ಟಿ ಉಣ್ಣದೆ ಎದ್ದೆ. ಅವರು ನನ್ನನ್ನು ತಡೆಯಲಿಲ್ಲ.

ಕೆಲವು ದಿನಗಳ ಮೇಲೆ ಮರೆಮ್ಮ ಮೆಟ್ಟಿಲು ಹತ್ತಿ ಬಂದಳು. ನಾವು ಪಂಕ್ತಿಯಲ್ಲಿ ಕೂತಿದ್ದೆವು. ನಾನು ಬಾಗಿಲ ಹತ್ತಿರವಿದ್ದೆ. ಅವಳು ಹೊಸ್ತಿಲಿನಿಂದ ಎರಡು ಮೆಟ್ಟಿಲು ಕೆಳಗೇ ನಿಂತು, ಮೈಯೆಲ್ಲ ಸಿಮೆಂಟಿನ ಧೂಳು, ಅಕ್ಕನನ್ನು ಕರೆದಳು. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು.

"ಯವ್ವಾ, ರೊಟ್ಟಿ ಯಾಕ ಬಂದ್ ಮಾಡೀರಿ? ನಮ್ಮಿಂದ ಏನಾರ ತಪ್ಪ ಆಗ್ಯಾದೇನ್ರಿ? ಜಾಗ ಸರಿ ತೊಳೀಲಿಲ್ಲೇನ್ರಿ?"

ಅಕ್ಕನ ಗಂಟಲು ಅಲುಗಿತು. ಬಿಸಿ ರೊಟ್ಟಿಯನ್ನು ಮುಂದಕ್ಕೆ ಚಾಚಿದರು. "ತಗೋ," ಎಂದರು.

ಮರೆಮ್ಮ ಎರಡೂ ಕೈಯಿಂದ ಸೆರಗು ಹರಡಿ ಒಡ್ಡಿದಳು.

"ಸೆರಗ ಬ್ಯಾಡ. ಕೈ ಹಿಡಿ."

"ಇರ್ಲಿ ಬಿಡ್ರಿ ಯವ್ವಾ."

"ಕೈ ಹಿಡಿ ಅಂತೀನಿ ನಿನಗ!" ಎಂದು ಅಕ್ಕ ಒಂದು ಹೆಜ್ಜೆ ಮುಂದೆ ಬಂದರು. ಆ ದನಿ ಬೈಗುಳದ ದನಿಯಾಗಿತ್ತು; ಅವರಿಗೆ ಬೇರೆ ದನಿ ಬರುತ್ತಿರಲಿಲ್ಲ. ಮರೆಮ್ಮ ಹೆದರಿ, ಅಕ್ಕನಿಗೆ ತನ್ನ ಮೈ ತಾಗೀತೆಂದು ಇನ್ನೊಂದು ಮೆಟ್ಟಿಲು ಕೆಳಕ್ಕೆ ಇಳಿದು, ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು. ಒಳಗಿನಿಂದ ಯಾರೋ, "ಮಾವಶೀ, ಭಾಕರೀ!" ಎಂದು ರೊಟ್ಟಿಗಾಗಿ ಕೂಗಿದರು. ಅಕ್ಕ ಒಳಗೆ ನೋಡಿದರು, ಕೆಳಗೆ ನೋಡಿದರು. ಬೆರಳು ಬಿಚ್ಚಿದರು. ಮರೆಮ್ಮ ಅಷ್ಟು ಕೆಳಗಿದ್ದದ್ದರಿಂದ ರೊಟ್ಟಿ ಆ ಚಿತ್ರದಲ್ಲಿ ಬಿದ್ದದ್ದಕ್ಕಿಂತಲೂ ಮೇಲಿನಿಂದ ಬಿತ್ತು.

"ಹಂಗಾದ್ರ ನಾಳಿಂದ ಎಲ್ಲಾರೂ ಬರ್ತೀವ್ರಿ ಯವ್ವಾ," ಎಂದು ಮರೆಮ್ಮ ಬಾಯಿಯ ತುಂಬ ನಕ್ಕು, ರೊಟ್ಟಿ ಮುಚ್ಚಿಕೊಂಡು ಇಳಿದು ಹೋದಳು.